ನಗೆಗೆ ಹೊದಿಸಿದ ಕಪ್ಪು ಬಟ್ಟೆ

ಎರಡು ಭಾಷೆಗಳ ನಡುವೆ ಬಾಳುವ ನಮಗೆ ಆಚೆಯವರ ನಗೆಚಾಟಿಕೆಯೂ ಗೊತ್ತು, ಈಚೆಯವರದೂ ಗೊತ್ತು. ಇಂದು ಯುರೋಪಿನ ಒಂದು ಪ್ರಸಂಗ ಕೇಳಿ.

2009ರ ಜನವರಿ. ಐರೋಪ್ಯ ಒಕ್ಕೂಟದ ಅಧ್ಯಕ್ಷತೆ ಜೆಕ್ ದೇಶದ ಸರದಿಗೆ ಬಂದಿತ್ತು. ಬ್ರಸೆಲ್ಸ್ ನಗರದ ಒಕ್ಕೂಟದ ಕಟ್ಟಡದಲ್ಲಿ ಜೆಕ್ ಶಿಲ್ಪಿ ಡೇವಿಡ್ ಚೆರ್ನಿಯ ‘ಎಂಟ್ರೋಪಾ’ ಎಂಬ ಭಾರಿ ಕಲಾಕೃತಿಯನ್ನು ತೂಗುಹಾಕಿದರು. 27 ಸದಸ್ಯ ದೇಶಗಳಿಗೂ ಒಂದೊಂದು ಕುಚೋದ್ಯ! ಫ್ರಾನ್ಸಿಗೆ ‘ಮುಷ್ಕರ’ ಎಂಬ ಬರಹ, ರುಮೇನಿಯಕ್ಕೆ ಡ್ರಾಕುಲಾ, ಇಟಲಿಗೆ ಫುಟ್‌ಬಾಲ್ ಮೈದಾನ; ಬ್ರಿಟನ್ನಿನ ಜಾಗವೇ ಖಾಲಿ. ಬಲ್ಗೇರಿಯಕ್ಕೆ ಮಾತ್ರ ಕುಕ್ಕರಗಾಲಿನಲ್ಲಿ ಕೂರುವ ಕಕ್ಕಸು. 27 ದೇಶಗಳ ಕಲಾವಿದರು ಮಾಡಿದ್ದೆಂದು ಹೇಳಿದ್ದರು. ಎಲ್ಲವೂ ಚೆರ್ನಿ ಮತ್ತು ಗೆಳೆಯರ ಕೈಚಳಕವೆಂದು ಬೇಗನೆ ಬಯಲಾಯಿತು.

ಹಲವರು ನಕ್ಕರು. ಬಲ್ಗೇರಿಯ ಪ್ರತಿಭಟಿಸಿತು, ಅದರ ಭಾಗಕ್ಕೆ ಕಪ್ಪು ಬಟ್ಟೆ ಹೊದಿಸಿದರು.

ನಮ್ಮೂರಲ್ಲಿ ಅಂಥದ್ದು ಮನೆಮನೆಗೂ ಇದೆ, ಅದಕ್ಕೇಕಪ್ಪಾ ಸಿಟ್ಟು ಎನ್ನುವಿರಾ? ಯುರೋಪಿನಲ್ಲಿ ಅದನ್ನು ಕರೆಯುವುದೇ ‘ತುರ್ಕಿ ಕಕ್ಕಸು’ ಎಂದು. ಬಲ್ಗೇರಿಯವೋ, 1878ರವರೆಗೆ ಸುಮಾರು 500 ವರ್ಷ ತುರ್ಕರ ಆಳ್ವಿಕೆಯಲ್ಲಿದ್ದ ನಾಡು. ಮಿಕ್ಕವರಿಗೆ ನಗೆಯಾದದ್ದು ಅವರಿಗೆ ಹಳೆಯ ಗಾಯ.

ನೆರೆಯ ಭಾಷೆಯವರನ್ನು ನಾವು ಕೆಣಕುವುದುಂಟು, ಅವರೂ ನಮ್ಮನ್ನು ಬಿಡರು. ಕೆಣಕೋಣ, ಆದರೆ ಅವರ ಹಿರಿಯರು ಪಟ್ಟ ಪಾಡನ್ನೂ ಒಮ್ಮೆ ಕೇಳಿಕೊಂಡಿರೋಣ.