ಹರಿಗೋಲಿನಿಂದ ಹಿಮಸಾಗರಕ್ಕೆ

ನೂರಿನ್ನೂರು ಮಂದಿ ಹಿಡಿಸುವಷ್ಟು ಚಿಕ್ಕದೊಂದು ಹಡಗು. ಅದನ್ನೇರಿ ಉತ್ತರ ಧ್ರುವದ ಸಮುದ್ರಕ್ಕೆ ಹೋಗುವುದು. ಅಲ್ಲಿ ಕಯಾಕ್ ಎಂಬ ಕಿರುದೋಣಿಯಲ್ಲಿ ಕುಳಿತು ಹಿಮಗಡ್ಡೆಗಳ ನಡುವೆ ಹುಟ್ಟು ಹಾಕುತ್ತ ವಾಲ್ರಸ್, ತಿಮಿಂಗಿಲ, ಹಿಮಕರಡಿಗಳನ್ನು ದೂರದಿಂದ ಕಂಡು ಬರುವುದು. ಇಂಥ ಪ್ರವಾಸಗಳು ಈಗ ಪ್ರತಿ ಬೇಸಗೆಯಲ್ಲಿಯೂ ನಡೆಯುತ್ತಿವೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಕಾರ್ಖಾನೆಯ ಪಾಳಿ ಮುಗಿಸಿ ಮನೆಗೆ ಮರಳುವ ಜೀಡಿಮೆಟ್ಲಾದ ಕನ್ನಡಿಗರಾದ ನಮಗೆ ಇದು ಬಲು ದೂರದ ಮಾತು. ಆದರೂ ಚರಿತ್ರೆಯನ್ನು ಸ್ವಲ್ಪ ಕೆದಕಿ ನೋಡಿದರೆ ನಮಗೂ ಆ ಹಿಮಸಾಗರಕ್ಕೂ ಎರಡು ಎಳೆಯ ನಂಟು ಕಾಣಸಿಗುತ್ತದೆ. ಒಂದು ದೋಣಿಯದು, ಮತ್ತೊಂದು ಹಕ್ಕಿಯದು.

ಮೊದಲು ದೋಣಿಯ ಮಾತು. ಕಯಾಕ್ ಎಂಬುದು ಆಟದ ಸಾಮಾನಾಗಿ ಹುಟ್ಟಿದ್ದಲ್ಲ. ನಮ್ಮ ಹಳೆಯ ಪಠ್ಯಪುಸ್ತಕಗಳು ಎಸ್ಕಿಮೋ ಎಂದು ಕರೆಯುತ್ತಿದ್ದ ಇನ್ಯೂಟ್ ಜನರ ಬೇಟೆಯ ದೋಣಿ ಅದು. ಮರವೇ ಬೆಳೆಯದ ಅವರ ನಾಡಿನಲ್ಲಿ ಕಡಲು ತಂದು ಎಸೆದ ಮರದ ತುಂಡುಗಳೂ ತಿಮಿಂಗಿಲದ ಎಲುಬುಗಳೂ ಅದರ ಹಂದರ. ಸೀಲ್ ಪ್ರಾಣಿಯ ತೊಗಲು ಅದರ ಹೊದಿಕೆ. ಕೊರೆಯುವ ನೀರು ಒಳಗೆ ಬಾರದಂತೆ ಬೇಟೆಗಾರನು ತನ್ನ ತೊಗಲಂಗಿಯನ್ನೇ ದೋಣಿಯ ಬಾಯಿಗೆ ಬಿಗಿದುಕೊಳ್ಳುತ್ತಿದ್ದನು.

ಹಂದರ ಕಟ್ಟಿ ತೊಗಲು ಹೊದಿಸುವ ಈ ವಿದ್ಯೆ ಕನ್ನಡಿಗರಿಗೆ ಹೊಸದಲ್ಲ. ತುಂಗಭದ್ರೆಯ ಹರಿಗೋಲನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಬಳಿ ಹರಿಗೋಲುಗಳನ್ನು ಕಂಡು ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ದುಂಡಗಿನ ಆಕಾರ, ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನ ಕೂರಬಹುದು, ಅಗತ್ಯ ಬಿದ್ದರೆ ಕುದುರೆ ಎತ್ತುಗಳನ್ನೂ ದಾಟಿಸಬಹುದು. ನೆಟ್ಟಗೆ ಸಾಗಲಾರದೆ ಸುತ್ತುತ್ತಲೇ ಹೋಗುತ್ತದೆ ಎಂಬುದು ಅವನ ವರ್ಣನೆ. ಮುಂದೆ ಆನೆಗೊಂದಿ ನಿಜಾಮರ ಸೀಮೆಗೆ ಸೇರಿತು, ಹಂಪಿ ಮದರಾಸು ಪ್ರಾಂತಕ್ಕೆ ಸೇರಿತು. ಆಗ ನಮ್ಮ ಹಿರಿಯರು ಹರಿಗೋಲು ಹತ್ತಿ ಹೊಳೆ ದಾಟಿದರೆಂದರೆ ಹೈದರಾಬಾದು ಸಂಸ್ಥಾನವನ್ನು ಬಿಟ್ಟು ಬ್ರಿಟಿಷ್ ಸರಕಾರದ ನೆಲಕ್ಕೆ ಕಾಲಿಟ್ಟಂತೆ ಆಗುತ್ತಿತ್ತು. ಈಚೆಗೆ ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ; ಬಿದಿರಿನ ಹೆಣಿಗೆ ಮಾತ್ರ ಹಾಗೆಯೇ ಉಳಿದಿದೆ.

ಆ ಬಿದಿರು ಹಿಮಸಾಗರವನ್ನೂ ಕಂಡಿದೆ ಎಂಬುದೊಂದು ಸೋಜಿಗ. ನಾರ್ವೆಯ ಫ್ರಿಡ್ಟ್‌ಯೋಫ್ ನಾನ್ಸೆನ್ 1893ರಲ್ಲಿ ಫ್ರಾಮ್ ಎಂಬ ಹಡಗಿನಲ್ಲಿ ಉತ್ತರಕ್ಕೆ ಹೊರಟನು. 1895ರ ಮಾರ್ಚಿಯಲ್ಲಿ ಯೋಹಾನ್ಸೆನ್ ಎಂಬ ಒಬ್ಬನೇ ಸಂಗಾತಿಯೊಡನೆ ಹಡಗನ್ನು ಬಿಟ್ಟು ನಾಯಿಗಳೆಳೆಯುವ ಜಾರುಬಂಡಿಗಳ ಮೇಲೆ ಧ್ರುವದತ್ತ ನಡೆದನು. ಬಂಡಿಗಳ ಮೇಲೆ ಎರಡು ಕಯಾಕುಗಳಿದ್ದವು. ಅವುಗಳ ಹಂದರ ಬಿದಿರಿನದು, ಹೊದಿಕೆ ಹಾಯಿಬಟ್ಟೆಯದು. ಅವರು 86 ಡಿಗ್ರಿ 14 ಮಿನಿಟು ಉತ್ತರ ಅಕ್ಷಾಂಶದವರೆಗೆ ಹೋದರು. ಅಲ್ಲಿಯವರೆಗೆ ಅಷ್ಟು ಉತ್ತರಕ್ಕೆ ಯಾರೂ ಹೋಗಿರಲಿಲ್ಲ. ಮರಳುವ ದಾರಿಯಲ್ಲಿ ಒಂದು ಇಡೀ ಚಳಿಗಾಲವನ್ನು ಕಲ್ಲು ಮತ್ತು ವಾಲ್ರಸ್ ತೊಗಲಿನ ಗುಡಿಸಲಿನಲ್ಲಿ ಕಳೆದರು. ಒಮ್ಮೆ ಜೋಡಿಸಿ ಕಟ್ಟಿದ್ದ ಕಯಾಕುಗಳು ತೇಲಿಹೋದಾಗ ನಾನ್ಸೆನ್ ಹಿಮದ ನೀರಿಗೆ ಧುಮುಕಿ ಈಜಿ ಹಿಡಿದು ತಂದನು. ಇನ್ನೊಮ್ಮೆ ವಾಲ್ರಸ್ಸೊಂದು ತನ್ನ ಕೋರೆಯಿಂದ ಅವನ ದೋಣಿಯನ್ನು ಸೀಳಿತು. ಅದನ್ನು ರಿಪೇರಿ ಮಾಡಲು ದಡದಲ್ಲಿ ತಂಗಿದ್ದಾಗಲೇ, 1896ರ ಜೂನ್ 17ರಂದು, ಜಾಕ್ಸನ್ ಎಂಬ ಇಂಗ್ಲಿಷ್ ಅನ್ವೇಷಕನು ಎದುರಾಗಿ ಇಬ್ಬರ ಪ್ರಾಣವೂ ಉಳಿಯಿತು.

ಹಿಮಸಾಗರದಲ್ಲಿ ದೊಡ್ಡಸ್ತಿಕೆಗೆ ಬೆಲೆಯಿಲ್ಲ ಎಂಬುದಕ್ಕೆ ಇನ್ನೂ ಎರಡು ನಿದರ್ಶನಗಳುಂಟು. 1845ರಲ್ಲಿ ಬ್ರಿಟನ್ನಿನ ಸರ್ ಜಾನ್ ಫ್ರಾಂಕ್ಲಿನ್ ಎರಬಸ್, ಟೆರರ್ ಎಂಬ ಎರಡು ಯುದ್ಧನೌಕೆಗಳೊಡನೆ ಅಮೆರಿಕದ ನೆತ್ತಿಯ ಮೇಲಿನ ವಾಯುವ್ಯ ಮಾರ್ಗವನ್ನು ಹುಡುಕುತ್ತ ಹೋದನು. ಅವನನ್ನೂ ಸೇರಿಸಿ 129 ಮಂದಿಯಲ್ಲಿ ಒಬ್ಬನೂ ಹಿಂತಿರುಗಲಿಲ್ಲ. ಆ ಹಡಗುಗಳ ಗತಿಯೇನಾಯಿತೆಂದು ಇನ್ಯೂಟ್ ಜನ ಹೇಳುತ್ತಲೇ ಬಂದಿದ್ದರೂ ಅವು ಸಮುದ್ರದಡಿಯಲ್ಲಿ ಸಿಕ್ಕಿದ್ದು 2014 ಮತ್ತು 2016ರಲ್ಲಿ. ಅದೇ ಮಾರ್ಗವನ್ನು 1903ರಿಂದ 1906ರ ಅವಧಿಯಲ್ಲಿ ರೋವಾಲ್ಡ್ ಅಮುಂಡ್ಸೆನ್ ಯೋವಾ ಎಂಬ 47 ಟನ್ನಿನ ಪುಟ್ಟ ಹಡಗಿನಲ್ಲಿ ಕೇವಲ ಆರು ಸಂಗಡಿಗರೊಡನೆ ದಾಟಿದನು. ನಡುವೆ ಎರಡು ಚಳಿಗಾಲ ಒಂದೇ ಕಡೆ ತಂಗಿ, ಇನ್ಯೂಟರಿಂದ ತೊಗಲಿನ ಉಡುಪು ತೊಡುವುದನ್ನೂ ನಾಯಿಬಂಡಿ ನಡೆಸುವುದನ್ನೂ ಶಿಷ್ಯನಂತೆ ಕಲಿತನು. ಹಡಗು ಚಿಕ್ಕದು, ಜನ ಕಡಿಮೆ, ಕಲಿಯುವ ಮನಸ್ಸು ದೊಡ್ಡದು. ಅವನ ಗೆಲುವಿನ ಗುಟ್ಟು ಇಷ್ಟೇ.

ಅನ್ವೇಷಕರ ಹಿಂದೆ ಪ್ರವಾಸಿಗರು ಬಂದರು. ಸ್ವೀಡನ್ನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಲಾರ್ಸ್ ಎರಿಕ್ ಲಿಂಡ್‌ಬ್ಲಾಡ್ 1966ರಲ್ಲಿ ಪ್ರವಾಸಿಗರನ್ನು ಅಂಟಾರ್ಕ್ಟಿಕಕ್ಕೆ ಕರೆದೊಯ್ದನು. 1969ರಲ್ಲಿ ಲಿಂಡ್‌ಬ್ಲಾಡ್ ಎಕ್ಸ್‌ಪ್ಲೋರರ್ ಎಂಬ ಚಿಕ್ಕ ಹಡಗನ್ನು ಫಿನ್‌ಲೆಂಡಿನಲ್ಲಿ ಇದಕ್ಕೆಂದೇ ಕಟ್ಟಿಸಿದನು. ಹಡಗಿನಿಂದ ರಬ್ಬರು ದೋಣಿಗಳಲ್ಲಿ ಇಳಿದು, ವಿಷಯ ಬಲ್ಲವರ ಜೊತೆ ಪ್ರಾಣಿಪಕ್ಷಿಗಳನ್ನು ನೋಡುವ ಪದ್ಧತಿ ಬೆಳೆದದ್ದು ಹೀಗೆ. 1984ರಲ್ಲಿ ಆ ಹಡಗು ವಾಯುವ್ಯ ಮಾರ್ಗವನ್ನೂ ದಾಟಿತು. 2007ರ ನವೆಂಬರಿನಲ್ಲಿ ಅದೇ ಹಡಗು ಅಂಟಾರ್ಕ್ಟಿಕದ ಬಳಿ ಹಿಮಕ್ಕೆ ತಾಗಿ ಮುಳುಗಿತು. ಅದೃಷ್ಟವಶಾತ್ ಹಡಗಿನಲ್ಲಿದ್ದ 154 ಮಂದಿಯೂ ಬದುಕಿದರು.

ನೋಡುವವರು ಹೆಚ್ಚಿದಂತೆ ನೋಟಕ್ಕೂ ಕಟ್ಟುಪಾಡು ಬೇಕಾಯಿತು. 1973ರಲ್ಲಿ ಧ್ರುವಪ್ರದೇಶದ ಐದು ದೇಶಗಳು ಹಿಮಕರಡಿಯ ರಕ್ಷಣೆಗೆ ಒಪ್ಪಂದ ಮಾಡಿಕೊಂಡವು. ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ 2025ರ ಜನವರಿ 1ರಿಂದ ಸಂರಕ್ಷಿತ ಪ್ರದೇಶಗಳಿಗೆ 200ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಹೋಗುವಂತಿಲ್ಲ. ಹಿಮಕರಡಿಯಿಂದ ಕನಿಷ್ಠ 300 ಮೀಟರು, ಮಾರ್ಚಿಯಿಂದ ಜೂನ್ ಕೊನೆಯವರೆಗೆ 500 ಮೀಟರು, ದೂರದಲ್ಲಿರಬೇಕು. ಈ ದ್ವೀಪಗಳ ಒಡಂಬಡಿಕೆಗೆ 1920ರಲ್ಲಿಯೇ ಅಂದಿನ ಬ್ರಿಟಿಷ್ ಭಾರತದ ಸಹಿಯೂ ಬಿದ್ದಿದೆ. 2008ರ ಜುಲೈ 1ರಂದು ಭಾರತವು ಅಲ್ಲಿ ‘ಹಿಮಾದ್ರಿ’ ಎಂಬ ಸಂಶೋಧನ ಕೇಂದ್ರವನ್ನು ತೆರೆಯಿತು ಎಂಬುದನ್ನು ಇಲ್ಲಿ ನೆನೆಯಬೇಕು.

ದೋಣಿಯಲ್ಲಿ ಕುಳಿತು, ಸದ್ದು ಮಾಡದೆ, ದೂರದಿಂದ ನೋಡುವ ಈ ಸಂಸ್ಕಾರ ಕನ್ನಡನಾಡಿನಲ್ಲಿಯೂ ಇದೆ. ಹಕ್ಕಿತಜ್ಞ ಸಾಲಿಂ ಅಲಿಯವರ ಮಾತಿಗೆ ಒಪ್ಪಿ ಮೈಸೂರು ಅರಸರು 1940ರಲ್ಲಿ ಕಾವೇರಿಯ ನಡುಗಡ್ಡೆಗಳನ್ನು ರಂಗನತಿಟ್ಟು ಪಕ್ಷಿಧಾಮವಾಗಿ ಘೋಷಿಸಿದರು. ಇಂದಿಗೂ ಅಲ್ಲಿ ದೋಣಿಯಿಂದಲೇ ಕೊಕ್ಕರೆಯ ಗೂಡನ್ನೂ ಬಂಡೆಯ ಮೇಲಿನ ಮೊಸಳೆಯನ್ನೂ ನೋಡುತ್ತೇವೆ. ನಡುಗಡ್ಡೆಯ ಮೇಲೆ ಕಾಲಿಡುವುದಿಲ್ಲ. ಇದೇ ಸಾಲಿಂ ಅಲಿಯವರು 1931–32ರಲ್ಲಿ ನಮ್ಮ ಹೈದರಾಬಾದು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನೂ ನಡೆಸಿದ್ದರು.

ಇನ್ನು ಎರಡನೆಯ ಎಳೆ. ಸಾಮಾನ್ಯವಾಗಿ 30 ಗ್ರಾಮಿನ ಒಳಗೇ ತೂಗುವ ಲಿಟ್ಲ್ ಸ್ಟಿಂಟ್ ಎಂಬ ಗುಬ್ಬಿಯಷ್ಟಿನ ಹಕ್ಕಿ ಮೊಟ್ಟೆಯಿಡುವುದು ಧ್ರುವಪ್ರದೇಶದ ಮರವಿಲ್ಲದ ಬಯಲಿನಲ್ಲಿ. ಅಲ್ಲಿ ಚಳಿ ಏರಿದೊಡನೆ ಅದು ಸಾವಿರಾರು ಮೈಲಿ ಹಾರಿ ದಖ್ಖನದ ಕೆರೆಗಳ ಕೆಸರಂಚಿಗೆ ಬಂದು ಹುಳು ಹೆಕ್ಕುತ್ತದೆ. ಟಿಕೀಟು, ಪಾಸ್‌ಪೋರ್ಟುಗಳ ಗೊಡವೆಯಿಲ್ಲದ ನಿಜವಾದ ಧ್ರುವಯಾತ್ರಿಕ ಅದು. ಅಂಥ ಯಾತ್ರಿಕರಿಗೆ ಕೆರೆಯ ಅಂಚೇ ಅನ್ನಛತ್ರ.

ನಮ್ಮ ಜೀಡಿಮೆಟ್ಲಾದಲ್ಲಿಯೂ ಒಂದು ದೊಡ್ಡ ಕೆರೆಯಿದೆ. ನಿಜಾಮರ ಆಳ್ವಿಕೆಯಲ್ಲಿ, 1897ರಲ್ಲಿ, ಕುಡಿಯುವ ನೀರಿಗಾಗಿ ಕಟ್ಟಿಸಿದ ಇದನ್ನು ಫಾಕ್ಸ್ ಸಾಗರ್ ಎಂದೂ ಕೊಲ್ಲ ಚೆರುವು ಎಂದೂ ಕರೆಯುತ್ತಾರೆ. ಕೈಗಾರಿಕೆಗಳು ಬಂದವು, ನಾವೂ ಬಂದೆವು, ಮನೆಗಳು ಕೆರೆಯತ್ತ ಸರಿದವು. 2020ರ ಅಕ್ಟೋಬರಿನ ಮಳೆಗೆ ಕೆರೆ ಉಕ್ಕಿ ಪಕ್ಕದ ಉಮಾಮಹೇಶ್ವರ ಕಾಲೊನಿ ನೀರಿನಲ್ಲಿ ನಿಂತಾಗ ಕೆರೆ ತನ್ನ ಹಳೆಯ ಎಲ್ಲೆಯನ್ನು ತಾನೇ ಗುರುತು ಮಾಡಿ ತೋರಿಸಿತು ಎನ್ನಬೇಕು. 1979ರಿಂದೀಚೆಗೆ ಧ್ರುವಪ್ರದೇಶವು ಉಳಿದ ಭೂಮಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗುತ್ತಿದೆ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಹಕ್ಕಿಯ ತವರು ಅಲ್ಲಿ ಕರಗುತ್ತಿರುವಾಗ ಅದು ಬಂದಿಳಿಯುವ ತಾಣ ಇಲ್ಲಿ ಕೊಳಚೆಯೂ ಕಟ್ಟಡವೂ ಆದರೆ ಅದು ಹೋಗುವುದಾದರೂ ಎಲ್ಲಿಗೆ?

ಅಲ್ಲಿಯ ಹಿಮವನ್ನು ಉಳಿಸುವುದು ನಮ್ಮೊಬ್ಬರ ಕೈಯಲ್ಲಿಲ್ಲ. ಕೆರೆಯ ಅಂಚಿಗೆ ಮಣ್ಣು, ಕಸ ಸುರಿಯದಂತೆ ತಡೆಯುವುದು, ಸುರಿಯುವವರನ್ನು ಕಂಡರೆ ಅಧಿಕಾರಿಗಳ ಗಮನಕ್ಕೆ ತರುವುದು ಮಾತ್ರ ನಮ್ಮ ಕೈಯಲ್ಲಿದೆ. ಮುಂದಿನ ಚಳಿಗಾಲದ ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಕೆರೆಯ ಏರಿಯ ಮೇಲೆ ನಡೆದಾಡೋಣ. ಬಂದಿರುವ ಅತಿಥಿಗಳು ಯಾರು, ಎಲ್ಲಿಂದ ಬಂದರು ಎಂದು ಅವರಿಗೆ ಹೇಳೋಣ. ಹೇಳುವಾಗ ದೂರದಲ್ಲಿಯೇ ನಿಲ್ಲೋಣ.