ಅರ್ಜಿಯೊಳಗಿನ ಅಂಕ

ನೇಮಕಾತಿ ಪ್ರಕಟಣೆ ಬಂದ ವಾರ ಗದಗ-ಬೆಟಗೇರಿಯ ಯಾವುದಾದರೂ ಝೆರಾಕ್ಸ್ ಅಂಗಡಿ ಮುಂದೆ ನಿಂತರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಪರ್ಸೆಂಟೇಜ್ ಹಾಕಬೇಕೇನ್ರಿ, ಬರೇ ಪಾಸ್ ಅಂತ ಬರದ್ರ ನಡೀತೈತೇನ್ರಿ?" ಬಯೋಡಾಟಾ ಟೈಪ್ ಮಾಡುವ ಹುಡುಗನಿಗೆ ಅದರ ಗೊಡವೆ ಇಲ್ಲ. ಈ ಸೀಮೆಯಲ್ಲಿ ಮಾತ್ರ ಈ ಪ್ರಶ್ನೆಗೆ ಒಂದೊಂದು ಕಾಲದಲ್ಲಿ ಒಂದೊಂದು ಉತ್ತರ ಸಿಕ್ಕಿದೆ.

ಮೊದಲ ಉತ್ತರ ಮುಂಬಯಿಯಿಂದ ಬಂತು. ಅಲ್ಲಿನ ವಿಶ್ವವಿದ್ಯಾಲಯ ಹುಟ್ಟಿದ್ದು 1857ರಲ್ಲಿ. ಆಗ ಗದಗ, ಮುಂಡರಗಿ ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿದ್ದವು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿಯದು. ದೊರೆಗಳು ಬೇರೆಯಾದರೂ ಮೇಲೆ ಓದಬೇಕೆಂದ ಹುಡುಗನಿಗೆ ಮ್ಯಾಟ್ರಿಕ್ ಒಂದೇ, ಅದು ಮುಂಬಯಿಯದು. ಅಷ್ಟು ದೂರ ಹೋಗಲಾಗದವರಿಗೆ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಇತ್ತು. ಮುಲ್ಕಿ ಪಾಸಾದವನು ಕನ್ನಡ ಶಾಲೆಯ ಮಾಸ್ತರನಾಗಬಹುದಿತ್ತು. ಪಾಸಾದವರೇ ವಿರಳವಾಗಿದ್ದಾಗ ಅಂಕ ಕೇಳುವವರು ಯಾರು? ಗದಗದಲ್ಲಿ 1884ರಲ್ಲಿ ಹುಟ್ಟಿದ ಕವಿ ಹುಯಿಲಗೋಳ ನಾರಾಯಣರಾಯರು ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ಓದಿ, ಕಾನೂನು ಮುಗಿಸಿ, ಊರಿಗೆ ಮರಳಿ ವಕೀಲಿ ಮಾಡಿದರು. ಅವರ ಕಾಲದವರಿಗೆ ಬಿ.ಎ., ಎಲ್ಎಲ್.ಬಿ. ಎಂಬುದು ಹೆಸರಿನ ಬಾಲವೇ ಆಗಿತ್ತು. "ಬಿ.ಎ. (ಫೇಲ್)" ಎಂದು ಬರೆಸಿಕೊಂಡವರ ಕುರಿತ ನಗೆಚಟಾಕಿಯೂ ಆಗಿನದೇ. ನಗು ಬಂದರೂ ಅದರಲ್ಲಿ ಅರ್ಥವಿದೆ: ಅಲ್ಲಿಯವರೆಗೆ ಹೋಗಿದ್ದೇ ಅರ್ಹತೆ.

1917ರಲ್ಲಿ ಧಾರವಾಡಕ್ಕೆ ಕರ್ನಾಟಕ ಕಾಲೇಜು ಬಂತು, 1950ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ. ಪುಣೆಗೆ ಹೋಗದೆಯೇ ಪದವಿ ಸಿಗತೊಡಗಿತು. ಗದಗ ತಾಲೂಕಿನ ಹೊಂಬಳದ ಕವಿ ಚೆನ್ನವೀರ ಕಣವಿ 1952ರಲ್ಲಿ ಎಂ.ಎ. ಮುಗಿಸಿ ಅದೇ ವಿಶ್ವವಿದ್ಯಾಲಯದ ಪ್ರಕಟಣ ವಿಭಾಗ ಸೇರಿದರು. ಮುಂದೆ ಪದವೀಧರರು ಹೆಚ್ಚಿದಂತೆ ಪದವಿಯೊಂದೇ ಸಾಲದಾಯಿತು. ಜರಡಿ ಸಣ್ಣದಾಯಿತು. ಪಾಸ್ ಕ್ಲಾಸೋ, ಸೆಕೆಂಡ್ ಕ್ಲಾಸೋ, 60 ದಾಟಿದ ಫಸ್ಟ್ ಕ್ಲಾಸೋ ಎಂಬುದು ಅರ್ಜಿಯ ಖಾನೆಯಾಯಿತು.

ಈ ಜರಡಿಯ ವಿಚಿತ್ರ ಕಾಣಬೇಕಾದರೆ ಗ್ರಾಮ ಲೆಕ್ಕಿಗರ ನೇಮಕಾತಿ ನೋಡಬೇಕು. ಬಹುಕಾಲ ಈ ಹುದ್ದೆಗೆ ಲಿಖಿತ ಪರೀಕ್ಷೆಯೇ ಇರಲಿಲ್ಲ. ಪಿಯುಸಿ ಅಂಕ ನೋಡಿ ಜಿಲ್ಲಾಧಿಕಾರಿ ಕಚೇರಿ ಪಟ್ಟಿ ಹಾಕುತ್ತಿತ್ತು. ಶಿರಹಟ್ಟಿಯ ಹುಡುಗ ಬಿ.ಎ.ಯಲ್ಲಿ ಎಷ್ಟೇ ತೆಗೆಯಲಿ, ಎಂ.ಎ. ಮಾಡಿರಲಿ, ಹದಿನೆಂಟರ ಹರೆಯದಲ್ಲಿ ಗಳಿಸಿದ್ದಷ್ಟೇ ಲೆಕ್ಕ. ಕಾಲೇಜಿನ ಗ್ರೇಡನ್ನು ಆ ಮೇಜಿನ ಮೇಲೆ ಯಾರೂ ತಿರುವಿ ಹಾಕುತ್ತಿರಲಿಲ್ಲ. ಅಂಕ ಬಿಗಿಯಾಗಿ ಬೀಳುತ್ತಿದ್ದ ವರ್ಷದವರು, ಕೈಬಿಚ್ಚಿ ಬಿದ್ದ ವರ್ಷದವರು, ಎಲ್ಲರೂ ಒಂದೇ ಪಟ್ಟಿಯಲ್ಲಿ. ಇದಕ್ಕೆ ನ್ಯಾಯ ಎಂಬ ಹೆಸರು ಒಪ್ಪುವುದಿಲ್ಲ. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿ ಎಂಬ ಹೊಸ ಹೆಸರಿನ 1000 ಹುದ್ದೆಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪರೀಕ್ಷೆ ನಡೆಸಿತು. ಪಿಯುಸಿ ಬರೀ ಬಾಗಿಲಾಯಿತು.

ಕಾಲೇಜಿನ ಅಂಕ ನಿಜಕ್ಕೂ ಬೇಕಾದದ್ದು ಬೇರೆ ಕಡೆ. ಸಹಾಯಕ ಪ್ರಾಧ್ಯಾಪಕನಾಗಲು ಸಾಮಾನ್ಯ ವರ್ಗದವರಿಗೆ ಸ್ನಾತಕೋತ್ತರದಲ್ಲಿ 55 ಪ್ರತಿಶತ ಬೇಕು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಎಷ್ಟೋ ಕಡೆ ಹತ್ತನೆಯಿಂದ ಡಿಗ್ರಿವರೆಗೂ 60 ಕೇಳುತ್ತಾರೆ. ಗದಗದ ತೋಂಟದಾರ್ಯ ಎಂಜಿನಿಯರಿಂಗ್ ಕಾಲೇಜು 1982ರದ್ದು. ಅದು ಸೇರಿದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಅಂಕದ ಬದಲು ಸಿಜಿಪಿಎ ತಂದಾಗ ಹೊಸ ತಲೆನೋವು ಶುರುವಾಯಿತು. 2015ರ ಪಠ್ಯಕ್ರಮದಲ್ಲಿ ಸಿಜಿಪಿಎಯಿಂದ 0.75 ಕಳೆದು ಹತ್ತರಿಂದ ಗುಣಿಸಿದರೆ ಪ್ರತಿಶತ. ಹಾಗಾಗಿ 60 ಆಗಲು 6.75 ಬೇಕು, ಬರೀ 6 ಇದ್ದವನು 52.5ಕ್ಕೆ ಇಳಿಯುತ್ತಾನೆ. ಬಯೋಡಾಟಾದಲ್ಲಿ ಯಾವುದನ್ನು ಬರೆಯಬೇಕೆಂಬ ಗೊಂದಲ ಹುಟ್ಟಿದ್ದು ಹೀಗೆ.

ಅಂಕ ಕೇಳದ ಜಾಗವೂ ಈ ಊರಲ್ಲೇ ಇದೆ. ವೀರೇಶ್ವರ ಪುಣ್ಯಾಶ್ರಮದಿಂದ ಹೊರಟ ಗಾಯಕನಿಗೆ ಪಂಚಾಕ್ಷರಿ ಗವಾಯಿಗಳ, ಪುಟ್ಟರಾಜ ಗವಾಯಿಗಳ ಶಿಷ್ಯ ಎಂಬ ಮಾತೇ ಬಯೋಡಾಟಾ. ಬೆಟಗೇರಿಯ ಮಗ್ಗದ ಮುಂದೆ ಕೂತವನಿಗೆ ನೇಯ್ದ ಸೀರೆಯೇ ಸರ್ಟಿಫಿಕೇಟ್. ಆದರೆ ಅದೇ ಗಾಯಕ ಸಂಗೀತ ಶಿಕ್ಷಕನಾಗಲು ಹೊರಟರೆ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳ ಕಾಗದ ಹುಡುಕಬೇಕಾಗುತ್ತದೆ.

ಇಷ್ಟಾದರೂ ಪಟ್ಟಿ ಹಾಕುವ ಹಳೆಯ ಪದ್ಧತಿ ಪೂರ್ತಿ ಹೋಗಿಲ್ಲ. ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ ಹುದ್ದೆಗೆ ಲಿಖಿತ ಪರೀಕ್ಷೆ ಇಲ್ಲ, ಸಂದರ್ಶನವೂ ಇಲ್ಲ. ಲಕ್ಷ್ಮೇಶ್ವರದವರಿರಲಿ, ಮುಂಡರಗಿಯವರಿರಲಿ, ಅಲ್ಲಿ ಆಯ್ಕೆ ಆಗುವುದು ಹತ್ತನೆಯ ತರಗತಿಯ ಅಂಕದ ಮೇಲೆ.