ಪ್ರೊಸೆಸರ್, ಮದರ್‌ಬೋರ್ಡ್ ಮತ್ತು ಸಾಕೆಟಿನ ಆಯಸ್ಸು

ಗೇಮಿಂಗ್ ಕಂಪ್ಯೂಟರಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಬದಲಿಸುವುದು ಸುಲಭ. ಪ್ರೊಸೆಸರಿನ ಮಾತು ಬೇರೆ. ಅದು ಕೂರುವ ಸಾಕೆಟ್ ಮದರ್‌ಬೋರ್ಡಿನ ಮೇಲಿರುತ್ತದೆ; ಸಾಕೆಟ್ ಬೇರೆಯಾದರೆ ಬೋರ್ಡನ್ನೂ ಬದಲಿಸಬೇಕು, ಎಷ್ಟೋ ಸಲ ರ‍್ಯಾಮನ್ನೂ. ಒಂದು ಸಾಕೆಟ್ ಎಷ್ಟು ವರ್ಷ ಬಾಳಬೇಕೆಂದು ನಿರ್ಧರಿಸುವುದು ಪ್ರೊಸೆಸರ್ ತಯಾರಿಸುವ ಕಂಪನಿ. ಅದರ ಖರ್ಚು ಬೀಳುವುದು ಕೊಳ್ಳುವವರ ತಲೆಗೆ.

1990ರ ದಶಕದ ನಡುವಿನಲ್ಲಿ ಈ ತೊಡಕು ಇರಲಿಲ್ಲ. ಇಂಟೆಲ್‌ನ ಪೆಂಟಿಯಂ, ಎಎಂಡಿಯ ಕೆ5, ಸೈರಿಕ್ಸ್‌ನ 6ಎಕ್ಸ್86 ಮೂರೂ ‘ಸಾಕೆಟ್ 7’ ಎಂಬ ಒಂದೇ ಸಾಕೆಟಿನಲ್ಲಿ ಕೂರುತ್ತಿದ್ದವು. ಕಚೇರಿ ಕೆಲಸದಲ್ಲಿ ಇವುಗಳ ನಡುವೆ ದೊಡ್ಡ ಅಂತರ ಕಾಣುತ್ತಿರಲಿಲ್ಲ. 1996ರಲ್ಲಿ ಬಂದ ‘ಕ್ವೇಕ್’ ಆಟ ಅದನ್ನು ಬಯಲಿಗೆ ತಂದಿತು. ಮೂರು ಆಯಾಮದ ದೃಶ್ಯ ಕಟ್ಟಲು ಅದಕ್ಕೆ ದಶಮಾಂಶ ಲೆಕ್ಕಾಚಾರ ಯಥೇಚ್ಛವಾಗಿ ಬೇಕಿತ್ತು. ಅದರಲ್ಲಿ ಪೆಂಟಿಯಂ ಬಹಳ ಮುಂದಿತ್ತು, ಸೈರಿಕ್ಸ್ ಸೋತಿತು. ಆಟಕ್ಕೆ ಬೇಕಾದ ಪ್ರೊಸೆಸರನ್ನು ಬೇರೆ ಅಳತೆಗೋಲಿನಿಂದ ಅಳೆಯಬೇಕೆಂಬುದು ಆಗಲೇ ಸ್ಪಷ್ಟವಾಯಿತು. ಮರುವರ್ಷ ಇಂಟೆಲ್ ಪೆಂಟಿಯಂ 2ರೊಂದಿಗೆ ತನ್ನದೇ ಆದ ‘ಸ್ಲಾಟ್ 1’ ತಂದಿತು. 1999ರಲ್ಲಿ ಎಎಂಡಿ ಅಥ್ಲಾನ್‌ಗಾಗಿ ‘ಸ್ಲಾಟ್ ಎ’ ಮಾಡಿಕೊಂಡಿತು. ಅಲ್ಲಿಂದ ಮುಂದೆ ಒಬ್ಬರ ಪ್ರೊಸೆಸರ್ ಇನ್ನೊಬ್ಬರ ಬೋರ್ಡಿನಲ್ಲಿ ಕೂತಿಲ್ಲ.

ಎರಡನೆಯ ತಿರುವು ಮೆಮೊರಿಯದು. ರ‍್ಯಾಮಿನೊಡನೆ ವ್ಯವಹರಿಸುವ ಮೆಮೊರಿ ಕಂಟ್ರೋಲರ್ ಮೊದಲು ಬೋರ್ಡಿನ ಚಿಪ್‌ಸೆಟ್‌ನಲ್ಲಿರುತ್ತಿತ್ತು. ಎಎಂಡಿ 2003ರ ಅಥ್ಲಾನ್ 64ರಲ್ಲಿ, ಇಂಟೆಲ್ 2008ರ ನೆಹಾಲೆಮ್‌ನಲ್ಲಿ ಅದನ್ನು ಪ್ರೊಸೆಸರಿನೊಳಕ್ಕೆ ತಂದವು. ರ‍್ಯಾಮಿನಿಂದ ಮಾಹಿತಿ ಬರುವ ವಿಳಂಬ ಇಳಿಯಿತು, ಆಟಗಳಿಗೆ ಲಾಭವಾಯಿತು. ಆದರೆ ಯಾವ ಬಗೆಯ ರ‍್ಯಾಮ್ ಎಂಬುದೂ ಪ್ರೊಸೆಸರಿಗೇ ಕಟ್ಟುಬಿತ್ತು. ಇಂದು ಮೂರೂ ಭಾಗಗಳನ್ನು ಒಟ್ಟಿಗೆ ಬದಲಿಸಬೇಕಾಗಿ ಬರುವುದರ ಮೂಲ ಇಲ್ಲಿದೆ.

2004ರಲ್ಲಿ ಇಂಟೆಲ್ ‘ಎಲ್‌ಜಿಎ 775’ ಸಾಕೆಟಿನೊಡನೆ ಪಿನ್ನುಗಳನ್ನು ಪ್ರೊಸೆಸರಿನಿಂದ ಬೋರ್ಡಿಗೆ ಸಾಗಿಸಿತು. ಕೂದಲೆಳೆಯಂಥ ಈ ಪಿನ್ನುಗಳಲ್ಲಿ ಒಂದು ಬಾಗಿದರೂ ರ‍್ಯಾಮಿನ ಒಂದು ಭಾಗ ಕಾಣದಿರಬಹುದು, ಕಂಪ್ಯೂಟರ್ ಆನ್ ಆಗದೆಯೂ ಇರಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಬೇರೆಲ್ಲೇ ಆಗಲಿ ಸೆಕೆಂಡ್ ಹ್ಯಾಂಡ್ ಬೋರ್ಡ್ ಕೊಳ್ಳುವಾಗ ಸಾಕೆಟಿನ ಮುಚ್ಚಳ ತೆಗೆಸಿ, ಓರೆಯಾಗಿ ಬೆಳಕು ಬಿಟ್ಟು ಪಿನ್ನುಗಳ ಸಾಲು ನೋಡಲೇಬೇಕು. ಬಾಗಿದ ಪಿನ್ನಿನ ಹೊಳಪು ಉಳಿದವುಗಳಿಂದ ಬೇರೆಯಾಗಿ ಕಾಣುತ್ತದೆ.

ಆಮೇಲೆ ಇಂಟೆಲ್ ಸುಮಾರು ಎರಡು ವರ್ಷಕ್ಕೊಮ್ಮೆ ಸಾಕೆಟ್ ಬದಲಿಸುತ್ತ ಹೋಯಿತು: 2009ರಲ್ಲಿ 1156, 2011ರಲ್ಲಿ 1155, 2013ರಲ್ಲಿ 1150, 2015ರಲ್ಲಿ 1151. 2017ರ ಎಂಟನೆಯ ತಲೆಮಾರಿನ ಪ್ರೊಸೆಸರುಗಳಿಗಂತೂ ಸಾಕೆಟಿನ ಹೆಸರು ಅದೇ 1151 ಆಗಿದ್ದರೂ ಹೊಸ 300 ಸರಣಿಯ ಬೋರ್ಡೇ ಬೇಕಾಯಿತು. ಕೋರ್ ಹೆಚ್ಚಾಗಿದೆ, ವಿದ್ಯುತ್ ಪೂರೈಕೆ ಬದಲಾಗಬೇಕು ಎಂದು ಕಂಪನಿ ಕಾರಣ ಕೊಟ್ಟಿತು. ಬೋರ್ಡ್ ಕೊಂಡು ವರ್ಷವೂ ತುಂಬದವರಿಗೆ ಅದು ಸಮಾಧಾನ ತರುವ ಉತ್ತರವಾಗಿರಲಿಲ್ಲ.

ಅದೇ 2017ರ ಮಾರ್ಚಿನಲ್ಲಿ ಎಎಂಡಿ ಎಎಂ4 ಸಾಕೆಟಿನ ಮೇಲೆ ರೈಜನ್ ಪ್ರೊಸೆಸರುಗಳನ್ನು ಬಿಡುಗಡೆ ಮಾಡಿ, ಈ ಸಾಕೆಟನ್ನು 2020ರವರೆಗೆ ಉಳಿಸಿಕೊಳ್ಳುವುದಾಗಿ ಹೇಳಿತು. ಆ ಮಾತು ಸಲೀಸಾಗಿ ನಡೆಯಲಿಲ್ಲ. ಹಳೆಯ ಬೋರ್ಡುಗಳಲ್ಲಿ ಕಂಪ್ಯೂಟರನ್ನು ಚಾಲೂ ಮಾಡುವ ಬಯಾಸ್ ತಂತ್ರಾಂಶದ ಚಿಪ್‌ನಲ್ಲಿ ಎಲ್ಲ ಪ್ರೊಸೆಸರುಗಳ ಕೋಡ್ ಹಿಡಿಸಲು ಜಾಗ ಸಾಲುತ್ತಿರಲಿಲ್ಲ. ರೈಜನ್ 5000ಕ್ಕೆ ತನ್ನ 400 ಸರಣಿಯ ಬೋರ್ಡುಗಳು ಒಗ್ಗುವುದಿಲ್ಲವೆಂದು 2020ರ ಮೇನಲ್ಲಿ ಹೇಳಿದ ಕಂಪನಿ, ಬಳಕೆದಾರರು ತಿರುಗಿಬಿದ್ದ ಮೇಲೆ ಅದೇ ತಿಂಗಳಲ್ಲಿ ನಿಲುವು ಬದಲಿಸಿತು. 2022ರಲ್ಲಿ ತನ್ನದೇ ಮೊದಲ 300 ಸರಣಿಯ ಬೋರ್ಡುಗಳಿಗೂ ಬಾಗಿಲು ತೆರೆಯಿತು. ಹೀಗೆ 2017ರಲ್ಲಿ ಕೊಂಡ ಬೋರ್ಡಿನಲ್ಲಿ, ಬಯಾಸ್ ಅಪ್‌ಡೇಟ್ ಮಾಡಿಕೊಂಡು, 2022ರ ಏಪ್ರಿಲ್‌ನಲ್ಲಿ ಬಂದ ರೈಜನ್ 7 5800ಎಕ್ಸ್3ಡಿ ಕೂರಿಸುವುದು ಸಾಧ್ಯವಾಯಿತು. ಬಳಕೆದಾರರ ಒತ್ತಾಯಕ್ಕೆ ಸಿಕ್ಕ ಗೆಲುವು ಅದು.

ಆ ಪ್ರೊಸೆಸರ್ ಇನ್ನೊಂದು ಕಾರಣಕ್ಕೂ ಮುಖ್ಯ. ಪ್ರತಿ ಫ್ರೇಮಿಗೂ ಆಟ ನೂರಾರು ಪಾತ್ರ, ವಸ್ತುಗಳ ಸ್ಥಿತಿಗತಿಯನ್ನು ಲೆಕ್ಕ ಹಾಕುತ್ತದೆ. ಆ ಮಾಹಿತಿ ರ‍್ಯಾಮಿನಲ್ಲಿ ಅಲ್ಲೊಂದು ಇಲ್ಲೊಂದು ಚದುರಿರುತ್ತದೆ. ಅದಕ್ಕೆ ಕಾಯುವ ಹೊತ್ತೆಲ್ಲ ಕೋರ್ ಸುಮ್ಮನೆ ಕೂರುತ್ತದೆ. ಎಎಂಡಿ ಪ್ರೊಸೆಸರಿನೊಳಗೇ ಇರುವ ವೇಗದ ಮೆಮೊರಿಯಾದ 32 ಎಂಬಿ ಕ್ಯಾಶ್‌ನ ಮೇಲೆ ಇನ್ನೂ 64 ಎಂಬಿಯ ಪದರ ಹೊರಿಸಿ ಒಟ್ಟು 96 ಎಂಬಿ ಮಾಡಿತು. ಗಿಗಾಹರ್ಟ್ಸ್ ವೇಗದಲ್ಲಿ ಇದು ಈ ಪದರವಿಲ್ಲದ 5800ಎಕ್ಸ್‌ಗಿಂತ ಕಡಿಮೆ, ವಿಡಿಯೊ ರೆಂಡರಿಂಗ್‌ನಲ್ಲಿ ಲಾಭವಿಲ್ಲ. ಆದರೂ ಹೆಚ್ಚಿನ ಆಟಗಳಲ್ಲಿ ಮುಂದೆ. ಗಿಗಾಹರ್ಟ್ಸ್ ನೋಡಿ ಗೇಮಿಂಗ್ ಪ್ರೊಸೆಸರ್ ಆರಿಸುವ ರೂಢಿ ಇಲ್ಲಿಗೆ ಅರ್ಥ ಕಳೆದುಕೊಂಡಿತು. 2024ರ 9800ಎಕ್ಸ್3ಡಿಯಲ್ಲಿ ಕ್ಯಾಶ್ ಪದರವನ್ನು ಕೋರ್‌ಗಳ ಅಡಿಗೆ ಇಟ್ಟದ್ದರಿಂದ ಶಾಖ ನೇರವಾಗಿ ಕೂಲರಿಗೆ ಹೋಗುತ್ತದೆ, ವೇಗವನ್ನೂ ಏರಿಸಲು ಬಂತು.

2021ರ ಎಲ್‌ಜಿಎ 1700 ಸಾಕೆಟಿನಲ್ಲಿ ಇಂಟೆಲ್ ಮೂರು ತಲೆಮಾರು ನಡೆಸಿತು. ಡಿಡಿಆರ್4 ಮತ್ತು ಡಿಡಿಆರ್5 ಎರಡಕ್ಕೂ ಬೋರ್ಡುಗಳು ಬಂದದ್ದು ಹಳೆಯ ರ‍್ಯಾಮ್ ಇದ್ದವರಿಗೆ ಅನುಕೂಲವಾಯಿತು. 13 ಮತ್ತು 14ನೆಯ ತಲೆಮಾರಿನ ಮೇಲ್ದರ್ಜೆಯ ಚಿಪ್‌ಗಳು ಅತಿ ವೋಲ್ಟೇಜಿನಿಂದ ಕೆಡುವುದು 2024ರಲ್ಲಿ ಖಚಿತವಾಗಿ, ಕಂಪನಿ ಬಯಾಸ್ ತಿದ್ದುಪಡಿ ಕೊಟ್ಟು ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಅದೇ ವರ್ಷ ಎಲ್‌ಜಿಎ 1851 ಬಂತು. ಎಎಂಡಿಯ ಎಎಂ5, 2022ರಿಂದ ಡಿಡಿಆರ್5 ಒಂದನ್ನೇ ಸ್ವೀಕರಿಸುತ್ತದೆ. 2027ರವರೆಗೂ ಅದರಾಚೆಗೂ ಅದನ್ನು ಮುಂದುವರಿಸುವುದಾಗಿ ಕಂಪನಿ ಹೇಳಿದೆ.

ಕೊಳ್ಳುವ ಮುನ್ನ ಆಟದ ರೆಸಲ್ಯೂಷನ್ ಇಳಿಸಿ ನೋಡಬೇಕು. ಫ್ರೇಮುಗಳು ಏರಿದರೆ ಕೊರತೆ ಗ್ರಾಫಿಕ್ಸ್ ಕಾರ್ಡಿನದು, ಏರದಿದ್ದರೆ ಪ್ರೊಸೆಸರಿನದು. ದುಬಾರಿ ಬೋರ್ಡಿನಿಂದ ಫ್ರೇಮು ಹೆಚ್ಚುವುದಿಲ್ಲ. ಪ್ರೊಸೆಸರಿಗೆ ತಕ್ಕ ವಿದ್ಯುತ್ ಪೂರೈಕೆ, ಪ್ರೊಸೆಸರ್ ಇಲ್ಲದೆಯೂ ಬಯಾಸ್ ಅಪ್‌ಡೇಟ್ ಮಾಡುವ ಗುಂಡಿ, ಎಸ್‌ಎಸ್‌ಡಿ ಕೂರಿಸಲು ಸಾಕಷ್ಟು ಎಂ.2 ಜಾಗ ಇದ್ದರೆ ಮಧ್ಯಮ ದರದ್ದು ಸಾಕು. ಕಂಪ್ಯೂಟರಿನೊಡನೆ ಬಂದ ವಿಂಡೋಸ್ ಲೈಸೆನ್ಸ್ ಸಾಮಾನ್ಯವಾಗಿ ಹಳೆಯ ಬೋರ್ಡಿಗೇ ಸೇರಿದ್ದು ಎಂಬುದನ್ನೂ ಖರ್ಚಿನ ಲೆಕ್ಕದಲ್ಲಿ ಹಿಡಿಯಬೇಕು. ಎಎಂ4 ಬೋರ್ಡ್ ಇರುವವರು ಅದರಲ್ಲೇ ಕೂರುವ ಒಳ್ಳೆಯ ಪ್ರೊಸೆಸರ್ ಸಿಗುತ್ತದೆಯೇ ಎಂದು ಮೊದಲು ವಿಚಾರಿಸುವುದು ಮೇಲು. ಎಲ್ಲವನ್ನೂ ಹೊಸದಾಗಿ ಕೊಳ್ಳುವವರಿಗೆ, ಮುಂದೊಮ್ಮೆ ಪ್ರೊಸೆಸರ್ ಮಾತ್ರ ಬದಲಿಸುವ ಅವಕಾಶ ಉಳಿಸುವ ಎಎಂ5 ಸದ್ಯಕ್ಕೆ ಸರಿಯಾದ ಆಯ್ಕೆ.